ಎಡಗಿವಿ

"ಬೆಂಡೋಲೆ, ಮೂಗುತಿ, ತಲೆಪಿನ್ನು ಎಲ್ಲ ತೆಗೀಬೇಕು ಅಮ್ಮ. ಕುತ್ತಿಗೆಯಿಂದ ಮೇಲೆ ಲೋಹದ್ದು ಒಂದೂ ಇರಬಾರದು," ಎಂದ ಸ್ಕ್ಯಾನ್ ಸೆಂಟರಿನ ಅಜ್ಮಲ್.

ಕಾಂತಿ ಬಲಗಿವಿಯನ್ನು ಅವನ ಕಡೆಗೆ ತಿರುಗಿಸಿ ಕೇಳಿಸಿಕೊಂಡಳು. ಬೆಂಡೋಲೆಯ ತಿರುಪು ಬಿಚ್ಚುವುದು ಸುಲಭವಾಗಲಿಲ್ಲ. ತಲೆ ಕೊಂಚ ವಾಲಿದರೆ ಸಾಕು, ಕೋಣೆಯ ಗೋಡೆಗಳು ತಿರುಗಲು ಶುರುಮಾಡುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ಅಣ್ಣ ಶೀನಪ್ಪ ಅಂಗೈ ಚಾಚಿದ. ಅವಳು ಆ ಅಂಗೈಯನ್ನು ಒಮ್ಮೆ ನೋಡಿ, ಒಡವೆಗಳನ್ನು ಅದರ ಮೇಲಿನಿಂದಲೇ ದಾಟಿಸಿ ಅವನ ಮಗಳು ಸುರಕ್ಷಾಳ ಕೈಗೆ ಹಾಕಿದಳು.

"ನೀನೇ ಹಿಡ್ಕೋ. ನಿನ್ನ ಪಪ್ಪನ ಕೈಗೆ ಕೊಡಬೇಡ."

ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಶೀನಪ್ಪ ಅದರಿಂದ ಗಡ್ಡ ಕೆರೆದುಕೊಂಡ. "ನನ್ನ ಕೈಗೆ ಎಂಥ, ಕಜ್ಜಿ ಉಂಟಾ ಅಂತ ಕೇಳು ನಿನ್ನ ಮಾಮಿ ಹತ್ರ," ಎಂದು ಮಗಳಿಗೆ ಹೇಳಿದ.

"ಕಜ್ಜಿಯಾದರೆ ಮುಲಾಮಿಗೆ ಹೋಗ್ತದೆ ಅಂತ ಹೇಳು ಅವನಿಗೆ."

ಸುರಕ್ಷಾ ಇಬ್ಬರಿಗೂ ಏನೂ ಹೇಳಲಿಲ್ಲ. ಮಾತು ಬರಲು ಶುರುವಾದ ವಯಸ್ಸಿನಿಂದ ಅವಳು ಇವರಿಬ್ಬರ ಮಾತುಗಳನ್ನು ಅತ್ತಿಂದಿತ್ತ ಹೊತ್ತಿದ್ದಳು. ಈಗ ಇಪ್ಪತ್ಮೂರು. ಪ್ರೌಢಶಾಲೆಯಲ್ಲಿ ಟೀಚರ್ ಆದಮೇಲೆ ಹೊರುವುದನ್ನು ನಿಲ್ಲಿಸಿದ್ದಳು. ಇಬ್ಬರೂ ಎದುರೆದುರೇ ಇರುವಾಗ ಅವರಿಗೆ ಕೇಳಿಸಿಯೇ ಕೇಳಿಸುತ್ತದೆ.

ಪುತ್ತಿಗೆಯ ಮನೆಯಲ್ಲಿ ಅಣ್ಣನಿಗೊಂದು ಬಾಗಿಲು, ತಂಗಿಗೊಂದು ಬಾಗಿಲು. ಪಡುಬದಿಯ ಎರಡು ಕೋಣೆ ಕಾಂತಿಯವು. ಉಳಿದದ್ದು ಶೀನಪ್ಪನ ಸಂಸಾರದ್ದು. ಅವನು ಇಪ್ಪತ್ತೆಂಟು ವರ್ಷ ಮೂಡುಬಿದಿರೆ–ಬೆಳ್ತಂಗಡಿ ರೂಟಿನಲ್ಲಿ ಖಾಸಗಿ ಬಸ್ಸು ಓಡಿಸಿ, ಈಗ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆಗಿದ್ದ. ಅವಳು ಅದೇ ಪೇಟೆಯಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಅವಳಿಗೆ ಹನ್ನೊಂದು ವರ್ಷ, ಅವನಿಗೆ ಹತ್ತೊಂಬತ್ತು ಇರುವಾಗ ಅವನು ಅವಳ ಎಡಕೆನ್ನೆಗೆ ಬಾರಿಸಿದ್ದ. ಆ ಸಂಜೆ ಕಿವಿಯಿಂದ ರಕ್ತ ಕೂಡಿದ ಕೀವು ಬಂತು. ಆಮೇಲೆ ಅದು ನಿಲ್ಲಲೇ ಇಲ್ಲ. ಯಾಕೆ ಹೊಡೆದದ್ದು ಎಂದು ಊರಿನಲ್ಲಿ ಯಾರೂ ವಿಚಾರಿಸಲು ಹೋಗಲಿಲ್ಲ. ಅಣ್ಣ ಹೊಡೆದ, ತಂಗಿಯ ಕಿವಿ ಹೋಯಿತು, ಅಷ್ಟು ಸಾಕಿತ್ತು. "ಇವಳ ಕಿವಿ ಮೊದಲೇ ಸೋರುತ್ತಿತ್ತು," ಎಂದು ಶೀನಪ್ಪ ಹೇಳುತ್ತಲೇ ಬಂದ. ಅಮ್ಮ ಬದುಕಿರುವಷ್ಟು ಕಾಲ, "ನನ್ನ ಮಗಳ ಕಿವಿಗೆ ಒಂದು ಕಲೆ ಕೂಡ ಇರಲಿಲ್ಲ," ಎಂದು ದೈವದ ಮೇಲೆ ಆಣೆ ಹಾಕುತ್ತಿದ್ದಳು.

ಕಾಂತಿಯ ಇಪ್ಪತ್ತಾರನೇ ವಯಸ್ಸಿನಲ್ಲಿ ಬಂದ ಎರಡನೇ ಸಂಬಂಧದ ದಿನ ಎಲ್ಲ ಮುಗಿದುಹೋಯಿತು. ಬೆಳ್ತಂಗಡಿಯಿಂದ ಬಂದಿದ್ದ ಹುಡುಗನ ಅಕ್ಕ ಅವಳ ಎಡಬದಿಗೆ ಕುಳಿತವಳು, ಸ್ವಲ್ಪ ಹೊತ್ತಿಗೆ ಸೆರಗು ಮೂಗಿಗೆ ಒತ್ತಿಕೊಂಡು ಎದ್ದು ಆಚೆ ಕುರ್ಚಿಗೆ ಹೋದಳು. ಕಾಂತಿ ಕಾಫಿಯ ತಟ್ಟೆಯನ್ನು ಕೆಳಗಿಟ್ಟು, ತುಂಬಿದ ಚಾವಡಿಯಲ್ಲಿ ಅಣ್ಣನತ್ತ ಬೆರಳು ಮಾಡಿದಳು. "ಈ ನಾತ ನನ್ನದಲ್ಲ. ಇವನ ಕೈಯದ್ದು." ಅಲ್ಲಿಂದ ಇಪ್ಪತ್ತೊಂದು ವರ್ಷ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ.

ಹದಿನೈದು ದಿನದ ಹಿಂದೆ ಅವಳು ಹೊಲಿಗೆ ಮೆಷಿನಿನ ಮೇಲೆ ಮಗುಚಿ ಬಿದ್ದಳು. ಮೂಡುಬಿದಿರೆಯ ಆಸ್ಪತ್ರೆಯ ಕಿವಿ ಡಾಕ್ಟರ್ ರಾಫಿಯಾ, ರಬ್ಬರ್ ಬುರುಡೆಯಿಂದ ಎಡಗಿವಿಗೆ ಮೆಲ್ಲಗೆ ಗಾಳಿ ಒತ್ತಿದಾಗ ಕಾಂತಿ ಕುರ್ಚಿಯಿಂದಲೇ ಉರುಳಿದಳು. ಆಪರೇಷನ್ ಆಗಲೇಬೇಕು, ಅದಕ್ಕೆ ಮೊದಲು ಕಿವಿಯ ಎಲುಬಿನದ್ದು ತೆಳುಪದರದ ಸಿ.ಟಿ. ಸ್ಕ್ಯಾನ್ ಬೇಕು, ಬಂಟ್ವಾಳದಲ್ಲಿ ಮಾಡಿಸಿಕೊಂಡು ಬನ್ನಿ ಎಂದು ಅವರು ಬರೆದುಕೊಟ್ಟಿದ್ದರು. ಸುರಕ್ಷಾ ಒಬ್ಬಳೇ ಮಾಮಿಯನ್ನು ಕರೆದುಕೊಂಡು ಹೊರಟಿದ್ದಳು. ಸ್ಕ್ಯಾನಿನಲ್ಲಿ ಎಲುಬೆಲ್ಲ ಕಾಣುತ್ತದಂತೆ ಎಂದು ಕೇಳಿದ ಕೂಡಲೇ ಶೀನಪ್ಪ ರಜೆ ಹಾಕಿ ಕಾರಿನ ಕೀಲಿ ತೆಗೆದುಕೊಂಡ.

ಮಲಗುವ ಹಲಗೆಯ ಮೇಲೆ ಅಜ್ಮಲ್ ಅವಳ ಹಣೆಗೆ ಪಟ್ಟಿ ಬಿಗಿದ. "ಅಲುಗಾಡಬಾರದು. ಉಗುಳು ನುಂಗುವುದು ಕೂಡ ಬೇಡ. ಐದೇ ನಿಮಿಷ."

"ಹೊಡೆದದ್ದು ಇದರಲ್ಲಿ ಕಾಣ್ತದಾ?" ಕಾಂತಿ ಕೇಳಿದಳು.

"ಎಲುಬು ಒಡೆದಿದ್ದರೆ ಕಾಣ್ತದೆ ಅಮ್ಮ."

"ಮೂವತ್ತಾರು ವರ್ಷ ಹಿಂದಿನದ್ದು?"

"ಅದು ಡಾಕ್ಟ್ರು ಹೇಳಬೇಕು."

ಅವನು ಗಾಜಿನಾಚೆಯ ಕೋಣೆಗೆ ಬಂದರೆ ಬಾಗಿಲಲ್ಲಿ ಶೀನಪ್ಪ ನಿಂತಿದ್ದ. "ತಮ್ಮಾ, ಒಂದು ವಿಷಯ. ಕಾಯಿಲೆ ಯಾವಾಗ ಶುರುವಾದದ್ದು ಅಂತ ಈ ಮೆಷಿನ್ ಹೇಳ್ತದಾ?"

"ನೀವಿಬ್ಬರೂ ಇದು ಎಂಥ, ಕೋರ್ಟ್ ಅಂತ ತಿಳ್ಕೊಂಡು ಬಂದದ್ದಾ ಮಾರಾಯ್ರೇ?" ಎಂದು ಅಜ್ಮಲ್ ಬಾಗಿಲು ಹಾಕಿಕೊಂಡ.

ಎರಡು ದಿನ ಬಿಟ್ಟು ಡಾಕ್ಟರ್ ರಾಫಿಯಾ ಅವರ ಮೇಜಿನೆದುರು ಮೂರು ಕುರ್ಚಿಗಳಿದ್ದವು. ಕಾಂತಿ ಒಂದು ತುದಿಯಲ್ಲಿ, ಶೀನಪ್ಪ ಇನ್ನೊಂದು ತುದಿಯಲ್ಲಿ, ನಡುವೆ ಸುರಕ್ಷಾ. ಕಲ್ಲಡ್ಕದ ಕಡೆಯವರಾದ ಡಾಕ್ಟರಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಅವರು ಕಂಪ್ಯೂಟರಿನ ಪರದೆಯನ್ನು ಇವರತ್ತ ತಿರುಗಿಸಿದರು.

"ಇದು ನಿಮ್ಮ ಬಲಗಿವಿ. ಕಿವಿಯ ಹಿಂದಿನ ಎಲುಬು ನೋಡಿ, ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೋಣೆ. ಒಳಗೆ ಗಾಳಿ ಉಂಟು, ಅದಕ್ಕೆ ಕಪ್ಪು. ಈಗ ಎಡದ್ದು ನೋಡಿ."

ಎಡದ್ದು ಬಿಳಿ. ಕಲ್ಲಿನ ಹಾಗೆ ಒಂದೇ ಸಮನೆ ಬಿಳಿ. ನಡುವೆ ಮಾತ್ರ ಏನೋ ಕೊರೆದು ತಿಂದಂಥ ಗುಳಿ, ಅದರ ತುಂಬ ಬೂದು ಬಣ್ಣ.

"ಈ ಬೂದು ಬಣ್ಣದ್ದೇ ಕಾಯಿಲೆ. ಚರ್ಮ ಒಳಗೆ ಎಳೆದುಕೊಂಡು ಹೋಗಿ ಗಂಟಾಗಿ ಬೆಳೆದಿದೆ. ಬೆಳೆಯುತ್ತಾ ಸುತ್ತಲಿನ ಎಲುಬು ತಿನ್ನುತ್ತಾ ಬಂದಿದೆ. ಶಬ್ದ ದಾಟಿಸುವ ಮೂರು ಸಣ್ಣ ಎಲುಬುಗಳಲ್ಲಿ ಒಂದರ ತುಂಡು ಮಾತ್ರ ಉಳಿದಿದೆ. ಇಲ್ಲಿ ಈ ಬಳೆಯ ಹಾಗೆ ಕಾಣ್ತದಲ್ಲ, ನಾವು ಬೀಳದ ಹಾಗೆ ಸಮತೋಲ ಹಿಡಿಯುವುದು ಇದು. ಅದರ ಗೋಡೆಗೆ ತೂತು ಬಿದ್ದಿದೆ. ನೀವು ಬಿದ್ದದ್ದು ಅದಕ್ಕೇ." ಡಾಕ್ಟರ್ ಚಿತ್ರವನ್ನು ಸ್ವಲ್ಪ ಕೆಳಗೆ ಸರಿಸಿದರು. "ಇದು ಮುಖದ ನರ ಹೋಗುವ ದಾರಿ. ಇದರ ಮೇಲಿನ ಎಲುಬು ಕೂಡ ಹೋಗಿದೆ. ನರ ಬತ್ತಲೆ ಉಂಟು. ಆಪರೇಷನ್ ಮಾಡುವಾಗ ಅದಕ್ಕೆ ತಾಗಿದರೆ ಬಾಯಿ ಒಂದು ಬದಿಗೆ ಹೋಗ್ತದೆ, ಕಣ್ಣು ಮುಚ್ಚಲಿಕ್ಕೆ ಆಗುವುದಿಲ್ಲ. ಸ್ಕ್ಯಾನ್ ಮಾಡಿಸಿದ್ದು ಅದಕ್ಕೇ. ಗೋಡೆ ಎಲ್ಲಿ ಉಂಟು, ಎಲ್ಲಿ ಇಲ್ಲ ಅಂತ ಒಳಗೆ ಹೋಗುವ ಮೊದಲು ನನಗೆ ಗೊತ್ತಿರಬೇಕು."

"ಮಾಡದೆ ಬಿಟ್ಟರೆ ಮ್ಯಾಡಂ?" ಸುರಕ್ಷಾ ಕೇಳಿದಳು.

"ಬಿಡುವ ಹಾಗಿಲ್ಲ. ಮೇಲೆ ಈ ತೆಳು ಗೆರೆ ಉಂಟಲ್ಲ, ಅದರಾಚೆ ಮಿದುಳು."

ಕಾಂತಿಯ ಕಣ್ಣು ಪರದೆಯಿಂದ ಕದಲಲಿಲ್ಲ. "ಒಡೆದದ್ದು ಎಲ್ಲಿ ಕಾಣ್ತದೆ?" ಎಂದಳು.

"ಒಡೆದದ್ದು?"

"ಹನ್ನೊಂದು ವರ್ಷದಲ್ಲಿ ಈ ಕಿವಿಗೆ ಹೊಡೆದಿದ್ದಾರೆ. ಅದರ ಗುರುತು."

ಡಾಕ್ಟರ್ ಮೂವರ ಮುಖವನ್ನೂ ನೋಡಿದರು. "ಎಲುಬು ಒಡೆದ ಗುರುತು ಇದರಲ್ಲಿ ಇಲ್ಲ. ಪೆಟ್ಟಿಗೆ ಕಿವಿತಮಟೆ ಹರಿಯಬಹುದು. ಹರಿದಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಈ ಕಾಯಿಲೆಯೇ ಆ ಪೆಟ್ಟಿನಿಂದ ಶುರುವಾದದ್ದು ಅಂತ ಕಾಣುವುದಿಲ್ಲ."

"ಹಾಗಾದರೆ ಯಾವಾಗ? ಯಾವಾಗ ಶುರುವಾದದ್ದು?" ಶೀನಪ್ಪ ಕುರ್ಚಿಯ ಅಂಚಿಗೆ ಬಂದಿದ್ದ.

"ಹುಟ್ಟುವಾಗ ಎಲ್ಲ ಮಕ್ಕಳ ಈ ಎಲುಬು ಗಟ್ಟಿಯೇ ಇರ್ತದೆ. ಮೊದಲ ಕೆಲವು ವರ್ಷಗಳಲ್ಲಿ ಗಾಳಿ ಹೊಕ್ಕು ಗೂಡಾಗುತ್ತಾ ಬರ್ತದೆ. ಆ ಪ್ರಾಯದಲ್ಲಿ ಕಿವಿ ಸೋರುತ್ತಾ ಇದ್ದರೆ ಗೂಡು ಆಗುವುದಿಲ್ಲ. ಇವರ ಬಲದ್ದು ಸರಿಯಾಗಿ ಆಗಿದೆ, ಎಡದ್ದು ಆಗಲೇ ಇಲ್ಲ. ಹೆಚ್ಚುಕಡಿಮೆ ತೊಟ್ಟಿಲಲ್ಲಿ ಇರುವಾಗಿಂದ..."

ಶೀನಪ್ಪ ಮೇಜಿಗೆ ಗುದ್ದಿದ ರಭಸಕ್ಕೆ ಪೆನ್ನು ಉರುಳಿ ನೆಲಕ್ಕೆ ಬಿತ್ತು. "ಬರೆದು ಕೊಡಿ ಡಾಕ್ಟ್ರೇ! ಇದನ್ನು ಸೀಲು ಹಾಕಿ ಬರೆದು ಕೊಡಿ. ಮೂವತ್ತಾರು ವರ್ಷ! ನಾನೇ ಕಣ್ಣಾರೆ ನೋಡಿದ್ದೇನೆ, ತೊಟ್ಟಿಲಲ್ಲಿ ಇವಳ ಕಿವಿಗೆ ಅಮ್ಮ ಬೆಳ್ಳುಳ್ಳಿ ಎಣ್ಣೆ ಬಿಡುವುದನ್ನು. ಹೇಳಿದರೆ ನಾನು ಸುಳ್ಳುಗಾರ! ಹೆಣ್ಣಿನ ಬಾಳು ಹಾಳು ಮಾಡಿದವ! ಈ ಊರಿನಲ್ಲಿ ನನಗೆ ಮುಖ ಇಲ್ಲದ ಹಾಗೆ ಮಾಡಿದಳು ಇವಳು!"

"ನೀವು ದನಿ ತಗ್ಗಿಸಬೇಕು. ಹೊರಗೆ ಪೇಷಂಟ್‌ಗಳಿದ್ದಾರೆ."

"ತಗ್ಗಿಸುವುದಿಲ್ಲ. ಇವತ್ತು ತಗ್ಗಿಸುವುದಿಲ್ಲ."

ಕಾಂತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಅವಳಿಗೆ ಬೆಳ್ತಂಗಡಿಯ ಆ ಹೆಂಗಸು ನೆನಪಾದಳು. ಸೆರಗಿನ ಬಣ್ಣ, ಕುರ್ಚಿ ಎಳೆದ ಸದ್ದು. ಇಷ್ಟು ವರ್ಷ ಆ ನೆನಪಿನ ಹಿಂದೆಯೇ ಅಣ್ಣನ ಕೈ ಬರುತ್ತಿತ್ತು, ಸಿಟ್ಟು ಬರುತ್ತಿತ್ತು, ಅದರಲ್ಲಿ ಒಂದು ಸಮಾಧಾನ ಇತ್ತು. ಈಗ ಆ ಹೆಂಗಸು ಮಾತ್ರ ಬಂದು ನಿಂತಳು.

ಡಾಕ್ಟರ್ ಪೆನ್ನನ್ನು ಎತ್ತಿಕೊಂಡು, ಮಾತು ಬೇರೆ ಕಡೆಗೆ ಹೋಗಲೆಂದು ಕಾಂತಿಯನ್ನು ಕೇಳಿದರು: "ಸಣ್ಣವರಿರುವಾಗ ಈ ಕಿವಿ ಕೇಳಿಸುವುದಿಲ್ಲ ಅಂತ ಯಾರಿಗೂ ಗೊತ್ತಾಗಲಿಲ್ಲವಾ? ಶಾಲೆಯಲ್ಲಿ? ಒಂದು ಕಿವಿ ಸರಿ ಇದ್ದರೆ ಮಕ್ಕಳಿಗೆ ತಾವಾಗಿ ಗೊತ್ತಾಗುವುದಿಲ್ಲ. ಬಲಬದಿಯಲ್ಲಿ ಗಲಾಟೆ ಇದ್ದು ಎಡದಿಂದ ಯಾರಾದರೂ ಕರೆದರೆ ಏನೂ ತಿಳಿಯುವುದಿಲ್ಲ. ದೊಡ್ಡವರು ಸೊಕ್ಕು ಅಂತ ಬೈತಾರೆ."

ಕಾಂತಿಯ ಬೆರಳು ಸೆರಗಿನಲ್ಲೇ ನಿಂತಿತು.

"ಪಂಪು ಬಲಬದಿಯಲ್ಲಿತ್ತು," ಎಂದಳು.

ಅವಳು ಡಾಕ್ಟರಿಗೆ ಹೇಳುತ್ತಾ ಹೋದಳು. "ನಮ್ಮ ಗದ್ದೆಯ ಬಾವಿ. ಇವನು ಬಾವಿಗೆ ಇಳಿದಿದ್ದ, ಪೈಪಿನ ಜಾಯಿಂಟ್ ಸರಿಮಾಡಲಿಕ್ಕೆ. ಮೇಲೆ ಡೀಸೆಲ್ ಪಂಪು ಓಡ್ತಾ ಇತ್ತು. ನಾನು ಅದರ ಹತ್ರ ನಿಂತಿದ್ದೆ, ಬಾವಿ ನನ್ನ ಎಡಕ್ಕೆ. ಸ್ವಲ್ಪ ಹೊತ್ತಿಗೆ ಇವನು ಮೈಯೆಲ್ಲ ಒದ್ದೆಯಾಗಿ ಹತ್ತಿ ಬಂದ. ಪಂಪು ನಿಲ್ಲಿಸು ಅಂತ ಮೂರು ಸಲ ಕೂಗಿದೆ, ಯಾಕೆ ನಿಲ್ಲಿಸಲಿಲ್ಲ ಅಂತ ಕೇಳಿದ. ನನಗೆ ಕೇಳಿಸಲಿಲ್ಲ ಅಂತ ಹೇಳಿದೆ. ಸುಳ್ಳು ಹೇಳ್ತೀಯಾ ಅಂತ ಹೊಡೆದ."

ಆಮೇಲೆ ಅವಳು ಸುರಕ್ಷಾಳನ್ನು ದಾಟಿ ನೇರ ಅಣ್ಣನ ಮುಖವನ್ನು ನೋಡಿದಳು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ.

"ನೀನು ಕೂಗಿದ್ದು ಹೌದಾ?"

ಶೀನಪ್ಪ ತಂಗಿಯ ಕಡೆಗೆ ತಿರುಗಿದ. "ಮೂರು ಸಲ. ಪೈಪು ಬಿಟ್ಟು ನೀರು ಮುಖಕ್ಕೆ ಹೊಡೀತಿತ್ತು. ಉಸಿರು ಸಿಗ್ತಿರಲಿಲ್ಲ. ನೀನು ಮೇಲೆ ಆಚೆ ನೋಡ್ತಾ ನಿಂತಿದ್ದಿ."

"ನೀನು ಕೂಗಲೇ ಇಲ್ಲ, ಹೊಡೆಯಲಿಕ್ಕೆ ಒಂದು ನೆವ ಮಾಡಿದ್ದು ಅಂತ ನಾನು ತಿಳ್ಕೊಂಡಿದ್ದೆ."

"ನೀನು ಬೇಕಂತಲೇ ಸುಮ್ಮನಿದ್ದಿ ಅಂತ ನಾನು."

ಇನ್ನೇನು ರಾಜಿ ಆಗುತ್ತದೆ, ಈಗ ಆಗುತ್ತದೆ ಎಂದು ಸುರಕ್ಷಾಳಿಗೆ ತೋರಿತು. ಆದರೆ ಕಾಂತಿಯ ಮುಖ ಬಿಗಿಯಿತು.

"ಹಾಗಾದರೆ ಕಿವಿ ಕೇಳದ ಮಗುವಿಗೆ, ಕೇಳಿಸಲಿಲ್ಲ ಅಂತ ಹೊಡೆದದ್ದು ನೀನು."

"ನನಗೆ ಗೊತ್ತಿತ್ತಾ ಅದು?"

"ನಾನು ಹೇಳಿದ್ದೆನಲ್ಲ."

ಶೀನಪ್ಪ ಪರದೆಯ ಕಡೆಗೆ ನೋಡಿದ. ಪರದೆಯ ಮೇಲೆ ಬಿಳಿ ಎಲುಬು ಹಾಗೆಯೇ ಇತ್ತು. ಬರೆದುಕೊಡುವ ವಿಷಯವನ್ನು ಅವನು ಮತ್ತೆ ಎತ್ತಲಿಲ್ಲ. ಎದ್ದು ಹೊರಗೆ ಹೋದ. ಒಪ್ಪಿಗೆಪತ್ರದಲ್ಲಿ ಕಾಂತಿಯ ಸಹಿಯ ಕೆಳಗೆ ಸಂಬಂಧಿಕರ ಸಹಿಯ ಜಾಗದಲ್ಲಿ ಸುರಕ್ಷಾ ಸಹಿ ಹಾಕಿದಳು.

ಆ ಸಂಜೆ ಅವನು ಮನೆಯನ್ನು ಬಳಸಿಕೊಂಡು ಪಡುಬದಿಯ ಬಾಗಿಲಿಗೆ ಬಂದ. ಕಾಂತಿ ಆಸ್ಪತ್ರೆಗೆಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅವನು ಹೊಸ್ತಿಲು ದಾಟಲಿಲ್ಲ.

"ಅಮ್ಮನಿಗೆ ಗೊತ್ತಿತ್ತು," ಎಂದ. "ಕಿವಿ ಸೋರುವುದು ಗೊತ್ತಿದ್ದೂ ಡಾಕ್ಟ್ರ ಹತ್ರ ತಕ್ಕೊಂಡು ಹೋಗಲಿಲ್ಲ. ಅದು ಹೊರಗೆ ಬರಬಾರದು ಅಂತ ನನ್ನ ಮೇಲೆ ಹಾಕಿದಳು. ನೀನೂ ನಂಬಿದೆ."

"ಈಗ ಸತ್ತವಳ ಮೇಲೆ ಹೊರಿಸಲಿಕ್ಕೆ ಬಂದದ್ದಾ?"

"ಇದ್ದದ್ದು ಹೇಳಿದೆ."

"ಸ್ಕ್ಯಾನಿನಲ್ಲಿ ನೀನು ಗೆದ್ದಿ. ಸಾಕಾಗಲಿಲ್ಲವಾ? ಬಸ್‌ಸ್ಟ್ಯಾಂಡಿನಲ್ಲಿ ಮೈಕಿನಲ್ಲಿ ಹೇಳು, ಹೋಗು. ಇಂಥವನ ತಂಗಿಯ ಕಿವಿ ಮೊದಲೇ ಕೊಳೆತಿತ್ತು ಅಂತ ಹೇಳು."

"ಕಾಂತೀ..."

"ಹೆಸರು ಹಿಡಿದು ಕರೆಯಬೇಡ. ಹೊಡೆದದ್ದು ತಪ್ಪು ಅಂತ ಹೇಳಲಿಕ್ಕೆ ಬಂದದ್ದಾದರೆ ಹೇಳು. ಇಲ್ಲದಿದ್ದರೆ ನಡೆ."

ಶೀನಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಸಾವಿರಾರು ಜನರೆದುರು ಬಸ್ಸುಗಳ ಹೆಸರು ಕೂಗಿದ ಗಂಟಲಿನಿಂದ ಆ ಒಂದು ಮಾತು ಹೊರಡಲಿಲ್ಲ. ಹನ್ನೊಂದು ವರ್ಷದವಳು ಬಾವಿಕಟ್ಟೆಯ ಬಳಿ ನಿಂತು, ಏನೂ ತಿಳಿಯದವಳ ಹಾಗೆ ತನ್ನನ್ನು ನೋಡಿದ್ದು ಅವನಿಗೆ ಕಾಣುತ್ತಿತ್ತು. ಅದನ್ನು ಅವನು ಇಷ್ಟು ಕಾಲವೂ ನಟನೆ ಎಂದುಕೊಂಡಿದ್ದ. ಕಾಂತಿ ಬಂದು ಅವನ ಬೆರಳುಗಳ ಕಡೆಗೆ ನೋಡಿದಳು. ಅವನು ಕೈ ತೆಗೆದ ಮೇಲೆ ಬಾಗಿಲು ಹಾಕಿ ಚಿಲಕ ಜಡಿದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಕಿವಿಯ ಹಿಂದಿನ ಕೂದಲನ್ನು ನಾಲ್ಕು ಬೆರಳಗಲ ಬೋಳಿಸಿದ್ದರು. "ಪಪ್ಪನಿಗೆ ಬರಲಿಕ್ಕೆ ಹೇಳಲಾ?" ಎಂದು ಸುರಕ್ಷಾ ಕೇಳಿದ್ದಕ್ಕೆ, "ಬಂದರೆ ನಾನು ಎದ್ದು ಹೋಗ್ತೇನೆ," ಎಂದಿದ್ದಳು. ಶೀನಪ್ಪ ಒಂಬತ್ತಕ್ಕೆ ಬಂದ. ಟೈಮ್‌ಕೀಪರಿನ ಖಾಕಿ ಅಂಗಿಯಲ್ಲೇ ಇದ್ದ. ಮಗಳ ಹತ್ತಿರ ಕೂರದೆ ದೂರದಲ್ಲಿ, ಔಷಧದ ಕೌಂಟರಿನ ಪಕ್ಕದ ಬೆಂಚಿನಲ್ಲಿ ಕುಳಿತ. ಮಗಳು ಕಾಫಿ ತಂದುಕೊಟ್ಟಾಗ, "ಒಳಗೆ ತಾಗುವುದಿಲ್ಲ ಅಲ್ವಾ, ಆ ನರಕ್ಕೆ?" ಎಂದು ಕೇಳಿದ. ಗಂಟೆ ಬಿಟ್ಟು ಇನ್ನೊಮ್ಮೆ ಅದನ್ನೇ ಕೇಳಿದ.

ಹನ್ನೆರಡು ಗಂಟೆಗೆ ಡಾಕ್ಟರ್ ಹೊರಗೆ ಬಂದರು. ಮುಖದಲ್ಲಿ ಮಾಸ್ಕಿನ ಗೆರೆಗಳು ಅಚ್ಚೊತ್ತಿದ್ದವು. "ಸ್ಕ್ಯಾನಿನಲ್ಲಿ ನೋಡಿದ ಹಾಗೆಯೇ ಇತ್ತು. ಎಲುಬು ಇಲ್ಲದ ಕಡೆಯಲ್ಲಿ ತುಂಬ ನಿಧಾನ ಮಾಡಿದ್ದೇವೆ. ಕಾಯಿಲೆ ಪೂರ್ತಿ ತೆಗೆದಾಯಿತು. ಆ ಕಿವಿಗೆ ಕೇಳಿಸುವುದು ವಾಪಸು ಬರಲಿಕ್ಕಿಲ್ಲ, ಅದನ್ನು ಮೊದಲೇ ಹೇಳಿದ್ದೇನೆ. ಮುಖದ ವಿಷಯ ಎಚ್ಚರ ಆದಮೇಲೆ ನೋಡಬೇಕು."

ಮೂರು ಗಂಟೆಯ ಹೊತ್ತಿಗೆ ಅವಳು ವಾರ್ಡಿನ ಮಂಚದಲ್ಲಿ ಎದ್ದು ಒರಗಿ ಕುಳಿತಿದ್ದಳು. ತಲೆಯ ಸುತ್ತ ದಪ್ಪ ಬ್ಯಾಂಡೇಜು. ತುಟಿ ಒಣಗಿ ಬಿರಿದಿತ್ತು. ಡಾಕ್ಟರ್ ನರ್ಸಿನೊಡನೆ ಬಂದರು. ಅವರ ಬೆನ್ನಿಗೆ ಸುರಕ್ಷಾ, ಅವಳ ಹಿಂದೆ ಬಾಗಿಲವರೆಗೆ ಶೀನಪ್ಪ. ಯಾರೋ ಊಟದ ಗಾಡಿ ತಳ್ಳಿಕೊಂಡು ಬಂದದ್ದರಿಂದ ಅವನು ಒಳಗೆ ಬಂದು ಮಂಚದ ಕಾಲಬುಡದಲ್ಲಿ ನಿಲ್ಲಬೇಕಾಯಿತು. ಕಾಂತಿ ಅವನನ್ನು ನೋಡಿದಳು. ಎದ್ದುಹೋಗುವ ಶಕ್ತಿ ಇರಲಿಲ್ಲ.

"ಹುಬ್ಬು ಮೇಲೆತ್ತಿ," ಡಾಕ್ಟರ್ ಬಲಬದಿಗೆ ಬಾಗಿ ಹೇಳಿದರು. ಅವಳು ಎತ್ತಿದಳು. "ಕಣ್ಣು ಬಿಗಿಯಾಗಿ ಮುಚ್ಚಿ. ಸರಿ. ಈಗ ನಗಿ."

ಕಾಂತಿ ನಗಲಿಲ್ಲ.

"ನಗಬೇಕು ಅಮ್ಮ. ಹಲ್ಲು ಕಾಣಬೇಕು. ಆಗಲೇ ನನಗೆ ಗೊತ್ತಾಗುವುದು."

"ಬರುವುದಿಲ್ಲ."

"ಬರುವುದಿಲ್ಲವಾ? ತುಟಿ ಎಳೀತದಾ? ಎಡಬದಿ ಮರಗಟ್ಟಿದ ಹಾಗೆ ಉಂಟಾ?" ಡಾಕ್ಟರ ದನಿಯಲ್ಲಿ ಗಾಬರಿ ಇಣುಕಿತು. ಸುರಕ್ಷಾ ಮಂಚದ ಕಂಬಿ ಹಿಡಿದುಕೊಂಡಳು.

ಕಾಲಬುಡದಲ್ಲಿ ಶೀನಪ್ಪ ಕುತ್ತಿಗೆ ಮುಂದೆ ಚಾಚಿ ತಂಗಿಯ ಬಾಯಿಯನ್ನೇ ನೋಡುತ್ತಿದ್ದ. ಎಡಗಡೆಯ ತುಟಿಯ ಕೊನೆ, ಬಲಗಡೆಯ ತುಟಿಯ ಕೊನೆ, ಮತ್ತೆ ಎಡಗಡೆ. ತನಗೆ ತಿಳಿಯದೆಯೇ ಅವನ ತುಟಿಗಳು ಬೇರೆಯಾಗಿ, ಮಗುವಿಗೆ ಉಣಿಸುವವರು ತಾವೂ ಬಾಯಿ ತೆರೆಯುವ ಹಾಗೆ, ತಂಬಾಕಿನ ಕಲೆ ಹಿಡಿದ ಅವನ ಹಲ್ಲುಗಳೆಲ್ಲ ಹೊರಗೆ ಕಾಣುತ್ತಿದ್ದವು.

ಕಾಂತಿ ಅವನನ್ನು ನೋಡಿದಳು. ಒಣಗಿದ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡಳು. ಅವನ ಕಣ್ಣಿನಿಂದ ಕಣ್ಣು ತೆಗೆಯದೆ ಹಲ್ಲು ಬಿಟ್ಟಳು.

"ಸಮ ಉಂಟು, ಎರಡೂ ಬದಿ," ಎಂದು ಡಾಕ್ಟರ್ ನರ್ಸಿಗೆ ಹೇಳಿ ಬರೆಸಿದರು. "ಸಾಕು ಅಮ್ಮ, ಇನ್ನು ಬಾಯಿ ಮುಚ್ಚಬಹುದು."

ಅಣ್ಣ ತಂಗಿ ಇಬ್ಬರೂ ಇನ್ನೂ ಹಾಗೆಯೇ ಇದ್ದರು.